ಬೆಂಟಿಯುಗೆ ಹೋಗಲಾ ಬೇಡವಾ? ಹೋಗಿ ಬಂದವರು ಹೇಳಿ

ಲೆಕ್ಕದವನು:
ನೈರೋಬಿಯಲ್ಲಿ ಒಂದು ಪರಿಹಾರ ಸಂಸ್ಥೆಯ ಬಿಲ್ಲು, ವೋಚರು ನೋಡಿಕೊಳ್ಳೋ ಕೆಲಸ ನನ್ನದು. ಈಗ ದಕ್ಷಿಣ ಸುಡಾನ್‌ನ ಬೆಂಟಿಯುನಲ್ಲಿ ಜನ ಸಾಲದು, ಆರು ತಿಂಗಳು ಹೋಗ್ತೀಯಾ ಅಂತ ಕೇಳಿದ್ದಾರೆ. ಯುದ್ಧದ ಜಾಗಕ್ಕೆ ಹೋಗೋ ಯೋಚನೆ ನನಗೆ ಯಾವತ್ತೂ ಇರಲಿಲ್ಲ. ಪ್ರಶ್ನೆ ಎರಡೇ: ವಿಮೆಯಲ್ಲಿ ಏನು ನೋಡಬೇಕು? ಅಲ್ಲಿನ ನಗದು ಪೆಟ್ಟಿಗೆಯ ಜವಾಬ್ದಾರಿ ಕೊಟ್ಟರೆ ಒಪ್ಪಬೇಕಾ? ನನ್ನ ಹಾಗೆ ಅಚಾನಕ್ಕಾಗಿ ಇದರೊಳಗೆ ಬಿದ್ದವರು ಅನುಭವ ಹೇಳಿ.

ನೀರಿನ ಎಂಜಿನಿಯರ್:
ಬಿದ್ದವರಲ್ಲಿ ನಾನೂ ಒಬ್ಬ. ದಕ್ಷಿಣ ಸುಡಾನ್ ರಾಜಧಾನಿ ಜುಬಾದಲ್ಲಿ ಪಂಪ್ ಕೂರಿಸಿ, ಸಹಿ ಹಾಕಿಸಿಕೊಂಡು ವಾಪಸ್ ಬರೋದಷ್ಟೇ ನನ್ನ ಕೆಲಸವಾಗಿತ್ತು. 2013ರ ಡಿಸೆಂಬರ್‌ನಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡಿತು. ಜನ ಜೀವ ಉಳಿಸಿಕೊಳ್ಳೋಕೆ ವಿಶ್ವಸಂಸ್ಥೆಯ ನೆಲೆಗಳೊಳಗೆ ನುಗ್ಗಿದರು. ನೀರಿನ ಕೆಲಸ ಗೊತ್ತಿರೋರು ಯಾರು ಅಂತ ಕೇಳಿದಾಗ ಕೈಯಲ್ಲಿ ಪೈಪ್ ರೆಂಚ್ ಹಿಡಿದು ನಿಂತಿದ್ದವನು ನಾನು. ಅಲ್ಲಿಂದ ಬೆಂಟಿಯುನ ವಿಶ್ವಸಂಸ್ಥೆ ಶಿಬಿರಕ್ಕೆ.

2014ರ ಮಳೆಗಾಲದಲ್ಲಿ ಆ ಶಿಬಿರ ಹೇಗಿತ್ತು ಅಂತ ನೋಡಿದವರಿಗೇ ಗೊತ್ತು. ಡೇರೆಗಳ ಒಳಗೆ ಮೊಣಕಾಲುದ್ದ ನೀರು, ಅದೂ ಕೊಳಚೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತೇ ರಾತ್ರಿ ಕಳೀತಿದ್ದರು. ಸ್ಫಿಯರ್ ಅಂತ ಪರಿಹಾರ ಸಂಸ್ಥೆಗಳು ಪಾಲಿಸೋ ಕನಿಷ್ಠ ಮಾನದಂಡ, ಅದರಲ್ಲಿ ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೊಂದು ಪಾಯಿಖಾನೆ ಅಂತಿದೆ. ಓದೋಕೆ ಚೆನ್ನಾಗಿದೆ. ಅಲ್ಲಿನದ್ದು ಎರೆಮಣ್ಣು ಸ್ವಾಮಿ. ಒಣಗಿದಾಗ ಕೈ ತೂರುವಷ್ಟು ಬಿರುಕು, ನೆನೆದರೆ ಉಬ್ಬಿ ಗುಂಡಿಯ ಗೋಡೆಯೇ ಒಳಗೆ ಕುಸಿಯುತ್ತೆ. ಬೆಳಿಗ್ಗೆ ತೋಡಿಸಿದ ಗುಂಡಿ ಸಂಜೆಗೆ ಬಾವಿ. ಕೊನೆಗೆ ನೆಲದ ಮೇಲೆ ಅಟ್ಟ ಕಟ್ಟಿ, ಕೆಳಗೆ ಡ್ರಮ್ ಇಟ್ಟು, ತುಂಬಿದ್ದನ್ನು ಹೊರಗೆ ಸಾಗಿಸಬೇಕಾಯಿತು. ಸಾಗಿಸೋ ಲಾರಿ ಹೂತುಹೋಯಿತು. ಅದನ್ನು ಎಳೆಯೋಕೆ ಬಂದ ಟ್ರ್ಯಾಕ್ಟರೂ ಹೂತುಹೋಯಿತು. ಜುಬಾದಿಂದ ಬರೋ ರಸ್ತೆ ಮುಚ್ಚಿದ ಮೇಲೆ ಸಿಮೆಂಟ್ ಚೀಲವೂ ವಿಮಾನದಲ್ಲೇ ಬರಬೇಕು. ಚೀಲದ ಬೆಲೆಗಿಂತ ಬಾಡಿಗೆಯೇ ಹಲವು ಪಟ್ಟು. ಕ್ಲೋರಿನ್ ಪುಡಿಯ ಡ್ರಮ್ಮನ್ನಂತೂ ಪ್ರಯಾಣಿಕರ ವಿಮಾನಕ್ಕೆ ಹತ್ತಿಸಿಕೊಳ್ಳೋದೇ ಇಲ್ಲ, ಬೆಂಕಿಗೆ ಕುಮ್ಮಕ್ಕು ಕೊಡೋ ಸರಕು ಅಂತ. ಆದರೂ ನಲ್ಲಿಯಲ್ಲಿ ಕ್ಲೋರಿನ್ ಬೀಳದ ದಿನ ಬರಲಿಲ್ಲ. ಹೋಗಿ. ಕಲೀತೀರಿ.

ಏಡನ್ ನರ್ಸ್:
ಎಂಜಿನಿಯರ್ ಸರ್‌ಗೆ ರೆಂಚ್ ಆದರೂ ಇತ್ತು. ನಾನು ಯೆಮೆನ್ ದೇಶದ ಏಡನ್‌ನ ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸ್. 2015ರ ಮಾರ್ಚ್‌ನಲ್ಲಿ ಊರೊಳಗೇ ಗುಂಡು ಶುರುವಾಯಿತು. ತಿಂಗಳ ಕೊನೆಗೆ ನಮ್ಮ ನೌಕಾಪಡೆಯ ಸುಮಿತ್ರಾ ಹಡಗು ಬಂದು ಜನರನ್ನು ಜಿಬೂಟಿಗೆ ಕರೆದೊಯ್ತು. ನಾನು ಹತ್ತಲಿಲ್ಲ. ಧೈರ್ಯ ಅಂದ್ಕೋಬೇಡಿ. ಸರ್ಟಿಫಿಕೇಟು, ಬಾಕಿ ಸಂಬಳ ಎರಡೂ ಮಾಲೀಕರ ಕೈಲಿತ್ತು. ಉಳಿದೆ. ಹೆರಿಗೆ ವಾರ್ಡ್ ಗಾಯಾಳುಗಳ ವಾರ್ಡಾಯಿತು. ಒಂದು ಪರಿಹಾರ ಸಂಸ್ಥೆಯವರು ಬಂದು, ನಮ್ಮ ಜೊತೆ ಸೇರ್ತೀಯಾ ಅಂದರು, ಸೇರಿದೆ.

ಮುರಿದ ಮೂಳೆಯನ್ನು ಹೊರಗಿನಿಂದ ಸರಳು ಕಟ್ಟಿ ಹಿಡಿದಿಡೋ ಫಿಕ್ಸೇಟರ್ ಮುಗೀತು. ಒಬ್ಬರಿಂದ ಬಿಚ್ಚಿದ್ದನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರದಲ್ಲಿ ಹಾಕಿ, ಇನ್ನೊಬ್ಬರಿಗೆ. ಜನರೇಟರ್‌ಗೆ ಡೀಸೆಲ್ ಇಲ್ಲದೆ ಆಟೋಕ್ಲೇವೂ ನಿಂತಿತು. ಅದರ ಮೇಲೆ ಡೆಂಗಿ. ಸಂಬಳದ ಕಥೆ ಕೇಳಿ: ನಾನು ಇದ್ದಾಗ ಡಾಲರಿಗೆ ಸುಮಾರು 215 ರಿಯಾಲ್. 2021ರಲ್ಲಿ ಏಡನ್‌ನಲ್ಲಿ ಅದು ಸಾವಿರ ದಾಟಿತು. ನನ್ನ ಹಳೇ ಬಾಕಿ ಕಾಗದದ ಮೇಲೆ ಇವತ್ತಿಗೂ ಅಷ್ಟೇ ರಿಯಾಲ್. ಹೋಗಿ ವಸೂಲಿ ಮಾಡೋಣ ಅಂದರೆ 2017ರಲ್ಲಿ ಯೆಮೆನ್ ಪ್ರಯಾಣವನ್ನೇ ನಮ್ಮ ಸರಕಾರ ನಿಷೇಧಿಸಿತು. ಕರಾರು ಡಾಲರಿನಲ್ಲಿದೆಯಾ, ಅದನ್ನು ನೋಡಿ ಮೊದಲು.

ಗೋದಾಮಿನವ:
ಸಿಸ್ಟರ್, ಬೇಜಾರು ಮಾಡ್ಕೋಬೇಡಿ, ಆದರೆ ಸಿಕ್ಕಿಹಾಕಿಕೊಂಡವರ ಕಥೆ ಬೇರೆ, ಒಪ್ಪಿ ಹೋದವರ ಕಥೆ ಬೇರೆ. ಇವರು ಕೇಳಿದ್ದು ವಿಮೆ.

ನನ್ನದು ಹೇಳ್ತೀನಿ. ಸಾಗಣೆ ಕಂಪನಿಯಲ್ಲಿದ್ದವನನ್ನು ಗೋದಾಮು ನೋಡ್ಕೋ ಅಂತ ಜುಬಾಗೆ ಎರವಲು ಕಳಿಸಿದರು. 2016ರ ಜುಲೈನಲ್ಲಿ ಅಲ್ಲಿ ಮತ್ತೆ ಗುಂಡು. ವಿಶ್ವ ಆಹಾರ ಕಾರ್ಯಕ್ರಮದ ದೊಡ್ಡ ಗೋದಾಮನ್ನೇ ಬಳಿದುಕೊಂಡು ಹೋದರು, ನಮ್ಮದು ಯಾವ ಲೆಕ್ಕ. ಹತ್ತಿರದಲ್ಲೇ ಬಿದ್ದ ಶೆಲ್ಲಿನ ಸದ್ದಿಗೆ ಎಡಗಿವಿ ಹೋಯಿತು. ಪಾಲಿಸಿಯಲ್ಲಿ ‘ಯುದ್ಧ ಮತ್ತು ಯುದ್ಧದಂಥ ಘಟನೆಗಳ ಹೊರತು’ ಅಂತ ಒಂದು ಸಾಲು. ಅದಕ್ಕೆ ಬೇರೆ ದುಡ್ಡು ಕಟ್ಟಿ ಯುದ್ಧದ ರಕ್ಷಣೆ ಸೇರಿಸಬೇಕಿತ್ತಂತೆ; ಕಚೇರಿ ಸೇರಿಸಿತ್ತು, ಆದರೆ ಸಾವಿಗೆ ಮಾತ್ರ, ಅಂಗಹಾನಿಗೆ ಇಲ್ಲ. ಅದನ್ನೂ ಜಗಳ ಮಾಡಿ ಒಪ್ಪಿಸಿದೆ. ಆಮೇಲೆ ವಿಮೆಯವರು ತೆಗೆದ ರಾಗ: ಕಿವಿ ಮೊದಲೇ ಮಂದವಾಗಿರಲಿಲ್ಲ ಅನ್ನೋಕೆ ಏನು ಪುರಾವೆ? ಹೊರಡೋ ಮುಂಚೆ ಕಿವಿ ಪರೀಕ್ಷೆ ಮಾಡಿಸಿ, ವರದಿ ಇಟ್ಕೊಳ್ಳಿ. ಹಲ್ಲಿನ ಕೆಲಸ ಮುಗಿಸಿ. ಗಾಯವಾದರೆ ಸಾಗಿಸೋ ಹೆಲಿಕಾಪ್ಟರ್ ಖರ್ಚು ಯಾರದು, ಎಲ್ಲಿಯವರೆಗೆ, ಬರಹದಲ್ಲಿ ತಗೊಳ್ಳಿ. ವಿಶ್ವಸಂಸ್ಥೆಯ ವಿಮಾನದಲ್ಲಿ 20 ಕಿಲೋ ಮಾತ್ರ, ಪುಸ್ತಕ ಗಿಸ್ತಕ ಬೇಡ. ಮಲೇರಿಯಾಕ್ಕೆ ಡಾಕ್ಸಿಸೈಕ್ಲಿನ್, ದಿನಕ್ಕೊಂದು, ವಾಪಸ್ ಬಂದ ಮೇಲೂ ನಾಲ್ಕು ವಾರ.

ಏಡನ್ ನರ್ಸ್:
ಒಪ್ಪಿ ಹೋದವರಂತೆ! ನಿಮ್ಮನ್ನು ಕಂಪನಿ ಎರವಲು ಕಳಿಸಿತು ಅಂತ ನೀವೇ ಬರೆದಿದ್ದೀರಲ್ಲ ಸರ್. ಗೋದಾಮಿನ ಕೀಲಿ ಹಿಡಿದರೆ ಸೇವೆ, ರಕ್ತ ಒರೆಸಿದರೆ ಸಿಕ್ಕಿಹಾಕಿಕೊಂಡಿದ್ದು. ಡಾಕ್ಸಿ ನುಂಗಿ ಹಾಗೇ ಮಲಗಿದರೆ ಗಂಟಲ ಕೆಳಗೆ ಹುಣ್ಣಾಗುತ್ತೆ, ಬಿಸಿಲಿಗೆ ಚರ್ಮ ಸುಡುತ್ತೆ. ಅದನ್ನು ಯಾಕೆ ಬರೀಲಿಲ್ಲ?

ಕಾಬೂಲ್ ಕಚೇರಿಯವಳು:
ನಿಮ್ಮೆಲ್ಲರ ಮಾತಿನಲ್ಲೂ ಒಬ್ಬರು ಕಾಣ್ತಿಲ್ಲ. ಜುಬಾದಿಂದ ವಿಮಾನ ಹತ್ತಿದ್ದು ನೀವು. ನಿಮ್ಮ ಡ್ರೈವರ್, ಕಾವಲುಗಾರ, ದುಭಾಷಿ? ಅವರು ಅಲ್ಲಿಯವರು, ಅವರಿಗೆ ಸೀಟಿಲ್ಲ. ಪರಿಹಾರ ಕೆಲಸದಲ್ಲಿ ಸಾಯೋರಲ್ಲಿ ಹೆಚ್ಚಿನವರು ಅವರೇ. ನಾನು ಅನುವಾದಕ್ಕೆ ಅಂತ ಕಾಬೂಲಿಗೆ ಹೋದವಳು, ಕೊನೆಗೆ ಅಲ್ಲಿಯವರ ಸಿಬ್ಬಂದಿ ಕಡತ ನೋಡೋಳಾದೆ. ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ಅನ್ನೋ ವೈದ್ಯರ ಸಂಸ್ಥೆ ತನ್ನ ಆಸ್ಪತ್ರೆಯ ಜಾಗದ ಅಕ್ಷಾಂಶ ರೇಖಾಂಶವನ್ನು ಯುದ್ಧದ ಎಲ್ಲ ಪಕ್ಷಗಳಿಗೂ ಕೊಟ್ಟಿತ್ತು. 2015ರ ಅಕ್ಟೋಬರ್ 3ರಂದು ಅಮೆರಿಕದ ವಿಮಾನ ಅದನ್ನೇ ಹೊಡೆಯಿತು, 42 ಜನ ಸತ್ತರು. ಆ ವಾರ ನಾನು ನಮ್ಮ ಕಡತ ತೆಗೆದರೆ ಅರ್ಧಕ್ಕರ್ಧ ಜನರ ವಾರಸುದಾರರ ಹೆಸರಿನ ಜಾಗ ಖಾಲಿ. ವಿದೇಶೀಯರ ಕಾಲಂ ಮಾತ್ರ ಭರ್ತಿ.

ಗೋದಾಮಿನವ:
ಮೇಡಂ, ಸೀಟು ಹಂಚಿದ್ದು ನಾನಲ್ಲ. ನನ್ನ ಡ್ರೈವರಿಗೆ ಮೂರು ತಿಂಗಳ ಸಂಬಳ ಮುಂಗಡ ಕೊಟ್ಟೇ ಹೊರಟಿದ್ದು.

ನೀರಿನ ಎಂಜಿನಿಯರ್:
ಯಾವ ದುಡ್ಡಿನಲ್ಲಿ ಕೊಟ್ಟಿರಿ? 2015ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್ ಪೌಂಡಿನ ದರವನ್ನು ಸರಕಾರ ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 3ರ ಆಸುಪಾಸಿದ್ದದ್ದು ಒಂದೇ ಏಟಿಗೆ 18 ದಾಟಿತು. ಆಗ ದೊಡ್ಡ ನೋಟು ಅಂದರೆ 100 ಪೌಂಡ್. ನಮ್ಮ ಕೂಲಿಯವರ ವಾರದ ಬಟವಾಡೆಗೆ ಗೋಣಿಚೀಲದಲ್ಲಿ ದುಡ್ಡು ತರ್ತಿದ್ದೆವು. ಎಣಿಸೋಕೇ ಅರ್ಧ ದಿನ. ನಿಮ್ಮ ಮೂರು ತಿಂಗಳ ಮುಂಗಡದಲ್ಲಿ ಅವನು ಜೋಳ ಎಷ್ಟು ದಿನ ಕೊಂಡಿರ್ತಾನೆ?

ಗೋದಾಮಿನವ:
ಅಟ್ಟದ ಮೇಲೆ ಪಾಯಿಖಾನೆ ಕಟ್ಟಿದ್ದನ್ನು ಇಷ್ಟುದ್ದ ಬರೆದವರು ನನಗೆ ಅರ್ಥಶಾಸ್ತ್ರ ಹೇಳಬೇಡಿ.

ಲೆಕ್ಕದವನು:
ಕಿವಿ ಪರೀಕ್ಷೆ ಬರೆದುಕೊಂಡೆ, ಡಾಲರ್ ಕರಾರೂ ಬರೆದುಕೊಂಡೆ. ನಗದು ಪೆಟ್ಟಿಗೆ ವಿಷಯ ಯಾರಾದರೂ?

ಕಾಬೂಲ್ ಕಚೇರಿಯವಳು:
ಕೀಲಿ ಒಬ್ಬರ ಹತ್ತಿರ, ಸಂಖ್ಯೆ ಇನ್ನೊಬ್ಬರ ಹತ್ತಿರ ಇರೋ ತಿಜೋರಿ ಇದ್ದರೆ ಮಾತ್ರ ಒಪ್ಪಿ. ಎರಡೂ ನಿಮ್ಮ ಜೇಬಿಗೆ ಬಂದರೆ ಬಂದೂಕು ಹಿಡಿದವನಿಗೆ ನಿಮ್ಮೊಬ್ಬರನ್ನು ಹಿಡಿದರೆ ಸಾಕು. ಸಂಬಳದ ದಿನ ಯಾವುದು ಅಂತ ಬೋರ್ಡಿನಲ್ಲಿ ಬರೀಬೇಡಿ. ವಾರಸುದಾರರ ಕಾಲಂ ಭರ್ತಿ ಮಾಡಿಸೋದು ನಿಮ್ಮ ಕೈಲೇ ಇರುತ್ತೆ, ಮೊದಲ ವಾರ ಅದನ್ನು ಮಾಡಿ.

ಗೋದಾಮಿನವ:
ಡಾಕ್ಸಿ ಆಗದವರಿಗೆ ಮೆಫ್ಲೋಕ್ವಿನ್ ಇದೆಯಲ್ಲ, ವಾರಕ್ಕೊಂದೇ ಮಾತ್ರೆ. ಸಿಸ್ಟರ್ ಅದನ್ನು ಯಾಕೆ ಬರೀಲಿಲ್ಲ?

ಏಡನ್ ನರ್ಸ್:
ಯಾಕೆಂದರೆ ಅದು ತಗೊಂಡ ಎಷ್ಟೋ ಜನ ಕೆಟ್ಟ ಕನಸು ಬಿದ್ದು ಮಧ್ಯರಾತ್ರಿ ಕೂಗ್ತಾರೆ. ಶೆಲ್ ಬೀಳೋ ಊರಲ್ಲಿ ಕೂಗಿದ್ದು ಮಾತ್ರೆಗಾ ಶೆಲ್ಲಿಗಾ ಅಂತ ಪಕ್ಕದ ಹಾಸಿಗೆಯವರು ತಿಳ್ಕೊಳ್ಳೋದು ಹೇಗೆ? ಮಿಕ್ಕಿದ್ದು ರಾತ್ರಿ ಪಾಳಿ ಮುಗಿಸಿ ಬಂದು ಬರೀತೀನಿ, ನೀವು ಅಲ್ಲೇ ಇರಿ ಸರ್.