ಆರ್ಕುಟ್ ಸೋತದ್ದು ಯಾಕೆ? ಆಗ ಬಳಸಿದವರು ಹೇಳಿ

ದಾವಣಗೆರೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಬಿಬಿಎ ಹುಡುಗರಿಗೆ ಪಾಠ ಮಾಡುವವನು. ಹೋದ ವಾರ ಕ್ಲಾಸಿನಲ್ಲಿ ಮಾತಿನ ಮಧ್ಯೆ ಗೂಗಲ್‌ನ ಹಳೇ ಸಾಮಾಜಿಕ ಜಾಲತಾಣ ಆರ್ಕುಟ್ ಹೆಸರು ಬಂತು. ಮೊದಲ ಬೆಂಚಿನ ಹುಡುಗಿ ‘ಅದು ಮೊಸರಿನ ಬ್ರ್ಯಾಂಡಾ ಸಾರ್?’ ಅಂದಳು. ತಪ್ಪು ಅವಳದ್ದಲ್ಲ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿದಾಗ ಅವಳಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಳು.

ಈಗ ಅದನ್ನೇ ಒಂದು ಪಾಠ ಮಾಡೋಣ ಅಂತಿದ್ದೇನೆ. ನನಗೆ ಬಗೆಹರಿಯದ್ದು ಇಷ್ಟು. ಆರ್ಕುಟ್ ಶುರುವಾದದ್ದು 2004ರ ಜನವರಿಯಲ್ಲಿ, ಫೇಸ್‌ಬುಕ್ ಫೆಬ್ರವರಿಯಲ್ಲಿ. ಒಂದು ಕಡೆ ಗೂಗಲ್, ಇನ್ನೊಂದು ಕಡೆ ಹಾರ್ವರ್ಡ್ ಹಾಸ್ಟೆಲಿನ ಹುಡುಗರು. ನನಗೆ ಗೊತ್ತಿದ್ದವರೆಲ್ಲ ಆಗ ಆರ್ಕುಟ್‌ನಲ್ಲೇ ಇದ್ದರು. ಆದರೂ ಸೋತದ್ದು ಹೇಗೆ? ಪುಸ್ತಕದ ಕಾರಣ ಬೇಡ. ಕಣ್ಣಾರೆ ಕಂಡದ್ದು ಹೇಳಿ.

ಹಳೇ ಸೈಬರ್, ತಿಪಟೂರು:

ಮೇಷ್ಟ್ರೇ, ನಾನು ಆರ್ಕುಟ್ ಬಳಸಿದ್ದಕ್ಕಿಂತ ಬೇರೆಯವರು ಬಳಸುವುದನ್ನು ನೋಡಿದ್ದೇ ಜಾಸ್ತಿ. 2004ರಿಂದ 2011ರವರೆಗೆ ತಿಪಟೂರಿನಲ್ಲಿ ಎಂಟು ಕಂಪ್ಯೂಟರಿನ ಸೈಬರ್ ಸೆಂಟರ್ ಇಟ್ಟಿದ್ದೆ. ಗಂಟೆಗೆ 20 ರೂಪಾಯಿ, ಅರ್ಧ ಗಂಟೆಗೆ 12. ಈಗ ಅದೇ ಮಳಿಗೆಯಲ್ಲಿ ಜೆರಾಕ್ಸ್, ಲ್ಯಾಮಿನೇಷನ್.

ಮೊದಮೊದಲು ಜನ ಬರುತ್ತಿದ್ದದ್ದು ಯಾಹೂ ಚಾಟ್‌ಗೆ, ಇಲ್ಲ ರಿಸಲ್ಟ್ ನೋಡಲಿಕ್ಕೆ. ಆಮೇಲೆ ಇಂಜಿನಿಯರಿಂಗ್ ಹುಡುಗರು ‘ಅಣ್ಣಾ, ಆರ್ಕುಟ್ ಇನ್ವೈಟ್ ಇದೆಯಾ’ ಅಂತ ಕೇಳತೊಡಗಿದರು. ಆಗ ಒಳಗಿದ್ದವರು ಕರೆದರೆ ಮಾತ್ರ ಒಳಗೆ ಹೋಗಬಹುದಿತ್ತು. ನನ್ನ ಹತ್ತಿರ ಅಕೌಂಟ್ ಇತ್ತು. ‘ಒಂದು ಗಂಟೆ ಕೂತವರಿಗೆ ಇನ್ವೈಟ್ ಪುಕ್ಕಟೆ’ ಅಂತ ಗೋಡೆಗೆ ಚೀಟಿ ಅಂಟಿಸಿದೆ. ನಾಚಿಕೆಯೇನಿಲ್ಲ, ವ್ಯಾಪಾರ ಅಲ್ವಾ.

ಸ್ಕ್ರಾಪ್‌ಬುಕ್ ಏನು ಅಂತ ನಿಮ್ಮ ಹುಡುಗರಿಗೆ ಮೊದಲು ಹೇಳಬೇಕು. ಮನೆ ಮುಂದಿನ ಜಗಲಿ ಇದ್ದ ಹಾಗೆ ಅದು. ಯಾರಾದರೂ ಬಂದು ಬರೆಯಬಹುದು, ಯಾರಾದರೂ ಓದಬಹುದು. ನೀವು ನನ್ನ ಪುಟದಲ್ಲಿ ಬರೆದರೆ, ಉತ್ತರ ಬರೆಯಲು ನಾನು ನಿಮ್ಮ ಪುಟಕ್ಕೆ ಬರಬೇಕು. ಅರ್ಧ ಮಾತು ಇಲ್ಲಿ, ಅರ್ಧ ಮಾತು ಅಲ್ಲಿ. ಮೂರನೆಯವನಿಗೆ ಪೂರ್ತಿ ಕಥೆ ಬೇಕೆಂದರೆ ಎರಡೂ ಪುಟ ತೆಗೆದಿಟ್ಟುಕೊಂಡು ಹೊಂದಿಸಿ ಓದಬೇಕು. ಓದುತ್ತಿದ್ದರು! ಐದನೇ ನಂಬರ್ ಸಿಸ್ಟಂನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಇದಕ್ಕೇ ವಾರಕ್ಕೆ 60 ರೂಪಾಯಿ ಸುರಿಯುತ್ತಿದ್ದ. ಅವನು ಯಾರಿಗಾದರೂ ಒಂದಕ್ಷರ ಬರೆದದ್ದನ್ನು ನಾನು ಕಾಣೆ.

ಒಂದು ದಿನ ಆರ್ಕುಟ್‌ನಲ್ಲಿ ಹೊಸದೊಂದು ಪಟ್ಟಿ ಬಂತು. ಇತ್ತೀಚೆಗೆ ನಿಮ್ಮ ಪುಟ ನೋಡಿ ಹೋದವರು ಯಾರ್ಯಾರು ಅಂತ ತೋರಿಸುತ್ತಿತ್ತು. ಐದನೇ ನಂಬರ್ ಎರಡು ದಿನ ಅಂಗಡಿಗೆ ಬರಲೇ ಇಲ್ಲ. ಮೂರನೇ ದಿನ ಬಂದು, ದನಿ ತಗ್ಗಿಸಿ, ‘ಅಣ್ಣಾ, ಅದನ್ನು ಆಫ್ ಮಾಡೋದು ಹೇಗೆ’ ಅಂದ. ಮಾಡಬಹುದಿತ್ತು. ಆದರೆ ಆಫ್ ಮಾಡಿದರೆ ನಿಮ್ಮ ಪುಟಕ್ಕೆ ಯಾರು ಬಂದರು ಅಂತ ನಿಮಗೂ ಕಾಣುವುದಿಲ್ಲ. ಅವನು ಮಾಡಿಸಿಕೊಂಡ. ಅವನ ಪುಟಕ್ಕೆ ಹೇಗೂ ಯಾರೂ ಬರುತ್ತಿರಲಿಲ್ಲ, ಪಾಪ.

ಇದನ್ನೆಲ್ಲ ಸುಮ್ನೆ ಹೇಳಿದ್ದಲ್ಲ. ಆರ್ಕುಟ್‌ನಲ್ಲಿ ಸುದ್ದಿ ಬೇಕೆಂದರೆ ನೀವೇ ಮನೆಮನೆ ತಿರುಗಬೇಕಿತ್ತು. ಫೇಸ್‌ಬುಕ್ 2006ರ ಸೆಪ್ಟೆಂಬರ್‌ನಲ್ಲಿ ನ್ಯೂಸ್ ಫೀಡ್ ತಂದಿತು. ಪೇಪರ್ ಹುಡುಗ ಬಾಗಿಲಿಗೆ ಪೇಪರ್ ಎಸೆದು ಹೋದ ಹಾಗೆ ಎಲ್ಲರ ಸುದ್ದಿ ಒಂದೇ ಕಡೆ ಬಂದು ಬೀಳತೊಡಗಿತು. ಅಲ್ಲಿನ ವಿದ್ಯಾರ್ಥಿಗಳು ರೊಚ್ಚಿಗೆದ್ದರು. ಫೀಡ್ ಬೇಡ ಅಂತ ಫೇಸ್‌ಬುಕ್‌ನಲ್ಲೇ ಗುಂಪು ಕಟ್ಟಿದರು, ಲಕ್ಷಗಟ್ಟಲೆ ಜನ ಸೇರಿದರು. ತಮಾಷೆ ನೋಡಿ: ಇಂಥವನು ಈ ಗುಂಪು ಸೇರಿದ ಅಂತ ಊರಿಗೆಲ್ಲ ಸಾರಿದ್ದೂ ಅದೇ ಫೀಡ್. ಜುಕರ್‌ಬರ್ಗ್ ಕ್ಷಮೆ ಕೇಳಿದ, ಯಾವುದು ಕಾಣಬೇಕು ಯಾವುದು ಬೇಡ ಅಂತ ಆರಿಸಿಕೊಳ್ಳುವ ಸೌಲಭ್ಯ ಕೊಟ್ಟ, ಫೀಡ್ ಮಾತ್ರ ತೆಗೆಯಲಿಲ್ಲ. ಅದೇ ತಿಂಗಳ 26ಕ್ಕೆ ಎಲ್ಲರಿಗೂ ಬಾಗಿಲು ತೆರೆದ.

ನಮ್ಮೂರಿಗೆ ಇದರ ಬಿಸಿ ತಟ್ಟಿದ್ದು 2009ರಲ್ಲಿ, ಅದೂ ಫಾರ್ಮ್‌ವಿಲ್ ಅನ್ನುವ ಆಟದ ಜೊತೆಗೆ. ಅಪ್ಪನ ತೆಂಗಿನ ತೋಟಕ್ಕೆ ನೀರು ಬಿಡಲು ಹೋಗದ ಹುಡುಗರು ನನ್ನ ಅಂಗಡಿಯಲ್ಲಿ ದುಡ್ಡು ಕೊಟ್ಟು ಸ್ಟ್ರಾಬೆರಿ ಕೊಯ್ಯುತ್ತಿದ್ದರು. ಸ್ಟ್ರಾಬೆರಿ ನಾಲ್ಕು ಗಂಟೆಗೆ ಕೊಯ್ಲಿಗೆ ಬರುತ್ತಿತ್ತು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಾಡುತ್ತಿತ್ತು. ಹಾಗಾಗಿ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹಾಜರಿ. ಕರೆಂಟ್ ಹೋದರೆ ‘ಬೆಳೆ ಹೋಯ್ತಲ್ಲ ಅಣ್ಣಾ’ ಅಂತ ನನ್ನ ಮೇಲೆ ರೇಗಾಟ. ಹೊರಗಿನ ಕಂಪನಿಗಳು ಹೀಗೆ ಆಟ ತಂದಿಡಲು ಫೇಸ್‌ಬುಕ್ 2007ರ ಮೇ ತಿಂಗಳಲ್ಲೇ ಜಾಗ ಮಾಡಿಕೊಟ್ಟಿತ್ತು. ಗೂಗಲ್ ಅದಕ್ಕೆ ಉತ್ತರವಾಗಿ ಮೈಸ್ಪೇಸ್, ಹೈ5 ಮುಂತಾದ ಬೇರೆ ಜಾಲತಾಣದವರನ್ನು ಕೂಡಿಸಿಕೊಂಡು, ಒಂದೇ ಆಟ ಎಲ್ಲ ತಾಣದಲ್ಲೂ ಓಡುವಂಥ ಓಪನ್‌ಸೋಶಿಯಲ್ ಅನ್ನುವ ವ್ಯವಸ್ಥೆ ತಂದದ್ದು ನವೆಂಬರ್‌ನಲ್ಲಿ. ಅದರಿಂದ ನನ್ನ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿಯೂ ಬರಲಿಲ್ಲ.

ಇನ್ನು ದುಡ್ಡಿನ ಮಾತು. ಗೂಗಲ್ ಜೇಬು ದೊಡ್ಡದು ನಿಜ, ಆ ಜೇಬಿನಿಂದ ಆರ್ಕುಟ್‌ಗೆ ಎಷ್ಟು ಇಳಿಯಿತು ಅನ್ನುವುದು ಬೇರೆ. 2003ರಲ್ಲಿ ಗೂಗಲ್ ಫ್ರೆಂಡ್‌ಸ್ಟರ್ ಅನ್ನುವ ಇಂಥದ್ದೇ ಜಾಲತಾಣವನ್ನು 3 ಕೋಟಿ ಡಾಲರ್‌ಗೆ ಕೇಳಿತ್ತು, ಅವರು ಒಪ್ಪಲಿಲ್ಲ. ಮರುವರ್ಷದ ಆರಂಭದಲ್ಲೇ ಆರ್ಕುಟ್ ಬಂತು. ಅದನ್ನು ಕಟ್ಟಿದವನು ಗೂಗಲ್‌ನ ಇಂಜಿನಿಯರ್, ಟರ್ಕಿಯ ಆರ್ಕುಟ್ ಬುಯುಕ್ಕೊಕ್ಟೆನ್. ನೌಕರರು ವಾರದಲ್ಲಿ ಒಂದು ದಿನದಷ್ಟು ಹೊತ್ತನ್ನು ತಮಗಿಷ್ಟವಾದ ಕೆಲಸಕ್ಕೆ ಬಳಸಬಹುದಿತ್ತು, ಆ ಬಿಡುವಿನಲ್ಲಿ ಹುಟ್ಟಿದ ಕೂಸು ಇದು. ಆದರೆ 2006ರ ಆಗಸ್ಟ್‌ನಲ್ಲಿ ಅದೇ ಗೂಗಲ್, ಮೈಸ್ಪೇಸ್‌ನಲ್ಲಿ ತನ್ನ ಹುಡುಕಾಟ ಮತ್ತು ಜಾಹೀರಾತು ಹಾಕಲು 90 ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಮನೆ ಮಗುವಿಗೆ ಬಾಳೆಹಣ್ಣು, ಪಕ್ಕದ ಮನೆ ಮಗುವಿಗೆ ಬಂಗಾರದ ಸರ. ಆರ್ಕುಟ್ ಮಂದಿಯಲ್ಲಿ ಹೆಚ್ಚಿನವರು ಬ್ರೆಜಿಲ್‌ನವರು, ಆಮೇಲೆ ನಾವು. ನಮಗೆ ಜಾಹೀರಾತು ತೋರಿಸಿ ಆಗ ಎಷ್ಟು ಗಿಟ್ಟುತ್ತಿತ್ತು, ನೀವೇ ಲೆಕ್ಕ ಹಾಕಿ. ಹಾಗಂತ ಸರ ಹಾಕಿಸಿಕೊಂಡ ಮಗುವೂ ಉದ್ಧಾರವಾಗಲಿಲ್ಲ. 2005ರಲ್ಲಿ 58 ಕೋಟಿ ಡಾಲರ್‌ಗೆ ಮಾರಾಟವಾದ ಮೈಸ್ಪೇಸ್, 2011ರಲ್ಲಿ ಸುಮಾರು ಮೂರೂವರೆ ಕೋಟಿಗೆ ಹೋಯಿತು.

ಮೈಸೂರಿನವಳು:

ಹಳೇ ಸೈಬರ್ ಅಣ್ಣ ಹೇಳಿದ್ದು ಗಂಡು ಹುಡುಗರ ಕಥೆ. ನಮ್ಮದು ಬೇರೆ. 2007ರಲ್ಲಿ ನಾನು ಎರಡನೇ ವರ್ಷದ ಬಿಎಸ್ಸಿ. ನಮ್ಮ ಹಾಸ್ಟೆಲ್ ರೂಮಿನ ನಾಲ್ವರಲ್ಲಿ ಒಬ್ಬಳೂ ತನ್ನ ಫೋಟೊ ಹಾಕಿರಲಿಲ್ಲ. ನನ್ನದು ಗುಲಾಬಿ ಹೂವು, ಪಕ್ಕದವಳದ್ದು ಟೋಪಿ ಹಾಕಿದ ಮಗು. ಆದರೂ ದಿನಾ ಸಂಜೆ ಗುರುತಿಲ್ಲದವರ ‘ನನ್ನ ಜೊತೆ ಫ್ರೆಂಡ್‌ಶಿಪ್ ಮಾಡ್ತೀರಾ’ ಸ್ಕ್ರಾಪ್ ಅಳಿಸುವುದೇ ಒಂದು ಕೆಲಸ. ನಮ್ಮಣ್ಣ ಓದುವುದರೊಳಗೆ ಅಳಿಸಬೇಕಿತ್ತು! ಸ್ಕ್ರಾಪ್‌ಬುಕ್‌ಗೆ ಬೀಗ ಹಾಕುವ ಸೌಲಭ್ಯ ಬರುವ ಹೊತ್ತಿಗೆ ನನಗೆ ಸಾಕಾಗಿತ್ತು. ನನ್ನ ಮುಖದ ಫೋಟೊ ನಾನು ಮೊದಲು ಹಾಕಿದ್ದು ಫೇಸ್‌ಬುಕ್‌ನಲ್ಲಿ, 2010ರಲ್ಲಿ. ಫೀಡ್ ನೋಡಿ ಹೋದವಳಲ್ಲ ನಾನು. ಗುರುತಿರುವವರು ಮಾತ್ರ ನೋಡುತ್ತಾರೆ ಅನ್ನುವ ನಂಬಿಕೆಗೆ ಹೋದದ್ದು. ಆ ನಂಬಿಕೆ ಆಮೇಲೆ ಏನಾಯಿತು ಅನ್ನುವುದು ಬಿಡಿ.

ಒಂದು ಮಾತ್ರ ಈಗಲೂ ನೆನಪಾಗುತ್ತದೆ, ಟೆಸ್ಟಿಮೋನಿಯಲ್. ಸ್ನೇಹಿತರು ನಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸುವುದು, ನಾವು ಒಪ್ಪಿದರೆ ಪುಟದಲ್ಲಿ ಕಾಣುವುದು. ಒಪ್ಪುವವರೆಗೆ ನಮಗೊಬ್ಬರಿಗೇ ಕಾಣುತ್ತಿತ್ತಲ್ಲ, ಹಾಗಾಗಿ ಎಲ್ಲ ಗುಟ್ಟೂ ಅದರಲ್ಲೇ ಓಡಾಡುತ್ತಿತ್ತು. ಮೇಲುಗಡೆ ‘ಅಕ್ಸೆಪ್ಟ್ ಮಾಡಬೇಡ ಕಣೇ’ ಅಂತ ಬರೆದು ಶುರು ಮಾಡುವುದು. ನನ್ನ ರೂಮ್‌ಮೇಟ್ ಒಂದು ಸಲ ಕೈತಪ್ಪಿ ಅಕ್ಸೆಪ್ಟ್ ಒತ್ತಿದಳು. ಅವಳ ಭಾವಿ ಗಂಡನ ಮೂಗಿನ ಬಗ್ಗೆ ನಾನು ಬರೆದದ್ದು ಒಂದು ಇಡೀ ರಾತ್ರಿ ಊರಿಗೆಲ್ಲ ಕಾಣಿಸಿತು. ಮದುವೆ ಆಯಿತು ಬಿಡಿ.

ಹಳೇ ಸೈಬರ್, ತಿಪಟೂರು:

ತಂಗಿ, ನೀನು ಹೇಳಿದ್ದು ಸರಿ. ನನ್ನ ಅಂಗಡಿಗೆ ಬರುತ್ತಿದ್ದವರಲ್ಲಿ ಹುಡುಗಿಯರು ಕಡಿಮೆ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೇಷ್ಟ್ರೇ, ಇನ್ನೊಂದು ಮರೆತಿದ್ದೆ. 2007ರ ಸುಮಾರಿಗೆ ಪೆನ್‌ಡ್ರೈವ್‌ನಲ್ಲಿ ಒಂದು ವೈರಸ್ ಓಡಾಡಿತು. ಆರ್ಕುಟ್ ತೆಗೆದ ಕೂಡಲೇ ಕಿಟಕಿ ಮುಚ್ಚಿ, ‘ಆರ್ಕುಟ್ ನಿಷೇಧವಾಗಿದೆ ಪೆದ್ದ’ ಅಂತ ಇಂಗ್ಲಿಷಿನಲ್ಲಿ ಹೇಳಿ ಗಹಗಹಿಸಿ ನಗುವುದು. ಬರೆದ ಪುಣ್ಯಾತ್ಮ ಯಾರೋ. ಎಂಟಕ್ಕೆ ಎಂಟೂ ಸಿಸ್ಟಂ ಹಿಡಿದುಕೊಂಡವು. ಸರ್ಕಾರವೇ ಬಂದ್ ಮಾಡಿಸಿದೆ ಅಂದುಕೊಂಡು ಹುಡುಗರು ಎದ್ದು ಹೋದರು. ಎರಡು ರಾತ್ರಿ ಕೂತು ಎಲ್ಲವನ್ನೂ ಫಾರ್ಮ್ಯಾಟ್ ಮಾಡಿದೆ. ಆರ್ಕುಟ್ ಇಲ್ಲದಿದ್ದರೆ ನನ್ನ ಅಂಗಡಿ ಎಷ್ಟು ಖಾಲಿ ಅಂತ ಆ ಎರಡು ದಿನದಲ್ಲಿ ಗೊತ್ತಾಯಿತು.

ದಾವಣಗೆರೆ ಮೇಷ್ಟ್ರು:

ಇಬ್ಬರಿಗೂ ಥ್ಯಾಂಕ್ಸ್. ಪಾಠಕ್ಕೆ ಒಂದು ಅಂಕಿ ನಾನೇ ಸೇರಿಸುತ್ತೇನೆ. ಜಾಲತಾಣ ನೋಡುವವರನ್ನು ಎಣಿಸುವ ಕಾಮ್‌ಸ್ಕೋರ್ ಕಂಪನಿಯ ಲೆಕ್ಕದಂತೆ 2010ರ ಜುಲೈನಲ್ಲಿ ಭಾರತದಲ್ಲಿ ಫೇಸ್‌ಬುಕ್ ನೋಡಿದವರು 2.09 ಕೋಟಿ, ಆರ್ಕುಟ್ 1.99 ಕೋಟಿ. ಆ ತಿಂಗಳು ಫೇಸ್‌ಬುಕ್ ಮುಂದೆ ಹೋಯಿತು. ಕೊನೆಯ ಪ್ರಶ್ನೆ: ನನ್ನ ಹಳೇ ಸ್ಕ್ರಾಪ್‌ಗಳನ್ನು ಹುಡುಗರಿಗೆ ತೋರಿಸೋಣ ಅಂದರೆ ಎಲ್ಲಾದರೂ ಸಿಗುತ್ತವೆಯೇ?

ಹಳೇ ಸೈಬರ್, ತಿಪಟೂರು:

ಇಲ್ಲ ಮೇಷ್ಟ್ರೇ. ಗೂಗಲ್ ಟೇಕೌಟ್‌ನಲ್ಲಿ ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶ ಕೊಟ್ಟಿದ್ದರು, ಮುಗಿಯಿತು. ನನ್ನ ಹತ್ತಿರ ಉಳಿದಿರುವುದು ಅಂಗಡಿಯ ರಿಜಿಸ್ಟರ್ ಪುಸ್ತಕಗಳು. ಯಾರು, ಯಾವ ಸಿಸ್ಟಂ, ಎಷ್ಟು ಗಂಟೆಗೆ ಬಂದರು, ಎದ್ದದ್ದು ಯಾವಾಗ, ಎಲ್ಲ ಇದೆ. ಬೇಕಿದ್ದರೆ ಎರಡು ಪುಟ ಫೋಟೊ ತೆಗೆದು ಕಳಿಸುತ್ತೇನೆ. ಐದನೇ ನಂಬರ್ ಹುಡುಗನ ಹೆಸರು ಮಾತ್ರ ಮಸಿ ಹಾಕಿ ಅಳಿಸುತ್ತೇನೆ. ಅವನಿಗೀಗ ಇಬ್ಬರು ಮಕ್ಕಳು, ಮೊನ್ನೆಯಷ್ಟೇ ಜೆರಾಕ್ಸ್‌ಗೆ ಬಂದಿದ್ದ.