ಎಸ್‌ಆರ್-22 ಅವಧಿ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕಾರು ವಿಮೆಯ ಪ್ರೀಮಿಯಂ ಇಳಿಯುತ್ತದೆಯೇ?

ಪ್ರಶ್ನೆ: ಫ್ರೀಮಾಂಟ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲೇ ಇರುವ ನನ್ನ ಭಾವಮೈದನಿಗೆ ಕೆಲವು ವರ್ಷಗಳ ಹಿಂದೆ ಕುಡಿದು ಕಾರು ಓಡಿಸಿದ ಪ್ರಕರಣದಲ್ಲಿ, ಅಂದರೆ ಇಲ್ಲಿ ಎಲ್ಲರೂ ಡಿಯುಐ ಎನ್ನುವ ಪ್ರಕರಣದಲ್ಲಿ, ಶಿಕ್ಷೆಯಾಯಿತು. ಲೈಸೆನ್ಸ್ ಮರಳಿ ಕೊಡಲು ರಾಜ್ಯದ ವಾಹನ ಇಲಾಖೆಯಾದ ಡಿಎಂವಿ, ವಿಮೆ ಇದೆ ಎಂದು ತೋರಿಸುವ ಎಸ್‌ಆರ್-22 ಪತ್ರ ಕೇಳಿದ್ದರಿಂದ, ಇಂತಹ ಚಾಲಕರಿಗೂ ಪಾಲಿಸಿ ಕೊಡುವ ಒಂದು ಕಂಪನಿಯಲ್ಲಿ ಬ್ರೋಕರ್ ಮೂಲಕ ತನ್ನ ಹಳೆಯ ಕೊರೊಲಾ ಕಾರಿಗೆ ವಿಮೆ ಮಾಡಿಸಿಕೊಂಡಿದ್ದಾನೆ. ನಮ್ಮ ಪಾಲಿಸಿಯಲ್ಲಿ ಅವನನ್ನು ವಿಮೆಯಿಂದ ಹೊರಗಿಟ್ಟ ಚಾಲಕನೆಂದು ನಮೂದಿಸಿದ್ದೇವೆ. ಬರುವ ತಿಂಗಳಿಗೆ ಅವನ ಎಸ್‌ಆರ್-22ರ ಮೂರು ವರ್ಷದ ಅವಧಿ ತುಂಬುತ್ತದೆ. ಆಗ ಪ್ರೀಮಿಯಂ ತಾನಾಗಿಯೇ ಇಳಿಯುತ್ತದೆಯೇ? ಅವನನ್ನು ನಮ್ಮ ಪಾಲಿಸಿಗೆ ಸೇರಿಸಿಕೊಳ್ಳಬಹುದೇ? ಟೆಕ್ಸಸ್‌ಗೆ ಹೋಗಿಬಿಟ್ಟರೆ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂದು ಅವನ ಗೆಳೆಯರು ಹೇಳುತ್ತಿದ್ದಾರೆ, ಅದು ನಿಜವೇ?

ಉತ್ತರ 1: ಸ್ಯಾನ್ ಹೋಸೆ ಕನ್ನಡಿಗ

ತಾನಾಗಿಯೇ ಇಳಿಯುವುದಿಲ್ಲ ಎಂದುಕೊಂಡೇ ಹೊರಡುವುದು ಒಳ್ಳೆಯದು. ಎಸ್‌ಆರ್-22 ಎನ್ನುವುದು ವಿಮೆಯಲ್ಲ. ಈ ಚಾಲಕನಿಗೆ ಕಾನೂನು ಕೇಳುವಷ್ಟು ವಿಮೆ ಜಾರಿಯಲ್ಲಿದೆ ಎಂದು ವಿಮಾ ಕಂಪನಿ ಡಿಎಂವಿಗೆ ಸಲ್ಲಿಸುವ ಪ್ರಮಾಣಪತ್ರ ಮಾತ್ರ. ಅದನ್ನು ಸಲ್ಲಿಸಲು ಕಂಪನಿಗಳು ತೆಗೆದುಕೊಳ್ಳುವ ಶುಲ್ಕ ಸಾಮಾನ್ಯವಾಗಿ 15ರಿಂದ 50 ಡಾಲರ್ ಒಳಗಿನದು. ಪ್ರೀಮಿಯಂ ಏರಿರುವುದು ಆ ಪತ್ರದಿಂದಲ್ಲ, ಅದರ ಹಿಂದಿರುವ ಶಿಕ್ಷೆಯಿಂದ; ಆ ಶಿಕ್ಷೆ ಮೂರು ವರ್ಷಕ್ಕೆ ದಾಖಲೆಯಿಂದ ಹೋಗುವುದಿಲ್ಲ.

ನಮ್ಮ ರಾಜ್ಯದಲ್ಲಿ 1988ರ ನವೆಂಬರ್‌ನಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 103ರ ಪ್ರಕಾರ, ಪ್ರೀಮಿಯಂ ನಿಗದಿ ಮಾಡುವಾಗ ಮೊದಲು ಚಾಲನೆಯ ದಾಖಲೆ, ನಂತರ ವರ್ಷಕ್ಕೆ ಓಡಿಸುವ ಮೈಲಿ, ಆಮೇಲೆ ಚಾಲನೆಯ ಅನುಭವದ ವರ್ಷಗಳು, ಈ ಕ್ರಮದಲ್ಲಿ ಕಂಪನಿಗಳು ತೂಕ ಕೊಡಬೇಕು. ಅದೇ ಕಾನೂನು ಉತ್ತಮ ಚಾಲಕರಿಗೆ ಕನಿಷ್ಠ ಶೇಕಡಾ 20ರಷ್ಟು ರಿಯಾಯಿತಿಯನ್ನೂ ಕಡ್ಡಾಯ ಮಾಡಿದೆ. ಡಿಯುಐ ಶಿಕ್ಷೆಯಾದವರಿಗೆ ಈ ರಿಯಾಯಿತಿ ಹತ್ತು ವರ್ಷ ಸಿಗುವುದಿಲ್ಲ. ನಿಮ್ಮ ಭಾವಮೈದನ ಡಿಕ್ಲರೇಷನ್ ಪೇಜ್, ಅಂದರೆ ಪಾಲಿಸಿಯ ಸಾರಾಂಶದ ಪುಟ, ತೆಗೆದು ಅವನ ಹೆಸರಿನ ಮುಂದೆ ಯಾವ ರಿಯಾಯಿತಿಗಳಿವೆ ಎಂದು ನೋಡಿ. ಗುಡ್ ಡ್ರೈವರ್ ರಿಯಾಯಿತಿ ಅಲ್ಲಿ ಇರುವುದಿಲ್ಲ, ಎಸ್‌ಆರ್-22 ಮುಗಿದ ಮರುದಿನ ಬರುವುದೂ ಇಲ್ಲ. ನನ್ನ ಮಟ್ಟಿಗೆ, ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದದ್ದು ಆ ಹತ್ತು ವರ್ಷ ತುಂಬುವ ದಿನ, ಬರುವ ತಿಂಗಳಿನದಲ್ಲ.

ಹಾಗೆಂದು ಅವಧಿ ಮುಗಿಯುವುದರಿಂದ ಲಾಭವೇ ಇಲ್ಲವೆಂದಲ್ಲ. ಎಸ್‌ಆರ್-22 ಎಂದೊಡನೆ ಕೋಟ್, ಅಂದರೆ ಪ್ರೀಮಿಯಂನ ಅಂದಾಜು ದರ, ಕೊಡಲು ಹಿಂದೇಟು ಹಾಕುವ ಕಂಪನಿಗಳ ಬಾಗಿಲು ಆಗ ತೆರೆಯುತ್ತದೆ, ಮತ್ತು ಹಳೆಯ ಶಿಕ್ಷೆಗೆ ಎಷ್ಟು ಹೆಚ್ಚುವರಿ ಹಾಕಬೇಕು ಎಂಬುದರಲ್ಲಿ ಕಂಪನಿಗೂ ಕಂಪನಿಗೂ ವ್ಯತ್ಯಾಸ ಇರುವುದರಿಂದ, ಒಂದೇ ಬಗೆಯ ಕವರೇಜ್‌ಗೆ ನಾಲ್ಕೈದು ಕಡೆ ಕೋಟ್ ತರಿಸಿಕೊಂಡರೆ ಅಂತರ ಕಣ್ಣಿಗೆ ಕಾಣುತ್ತದೆ. ಈಗಿನ ಬಿಲ್ಲಿನಲ್ಲಿ ಬ್ರೋಕರ್ ಫೀ ಎಂಬ ಸಾಲು ಪ್ರತಿ ನವೀಕರಣದಲ್ಲೂ ಬರುತ್ತಿದೆಯೇ ಎಂದೂ ನೋಡಿ. ಅದು ಪ್ರೀಮಿಯಂನ ಭಾಗವಲ್ಲ, ಬ್ರೋಕರ್ ತನ್ನ ಸೇವೆಗೆ ಪಡೆಯುವ ಹಣ.

ಉತ್ತರ 2: ಸಾಗರದವನು, ಈಗ ಸ್ಯಾಕ್ರಮೆಂಟೊ

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮೂರು ವರ್ಷದ ಲೆಕ್ಕವನ್ನು ನೀವೇ ಬೆರಳೆಣಿಸಿ ಹಾಕಬೇಡಿ, ಬ್ರೋಕರ್ ಮಾತಿನ ಮೇಲೂ ಹೋಗಬೇಡಿ. ಡಿಎಂವಿ ದಾಖಲೆಯಲ್ಲಿರುವ ದಿನಾಂಕವೇ ಅಂತಿಮ, ಆದ್ದರಿಂದ ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಜೊತೆಗೆ ಅವನ ಚಾಲನಾ ದಾಖಲೆಯನ್ನು ಆನ್‌ಲೈನ್‌ನಲ್ಲಿ 2 ಡಾಲರ್ ಕೊಟ್ಟು ತೆಗೆಸಿಟ್ಟುಕೊಂಡರೆ, ಕೋಟ್ ಕೇಳುವಾಗ ಕಂಪನಿ ಏನನ್ನು ನೋಡುತ್ತದೆ ಎಂಬುದು ನಿಮಗೂ ಗೊತ್ತಿರುತ್ತದೆ. ಅವಧಿಗೆ ಮುಂಚೆ ಪಾಲಿಸಿ ರದ್ದಾದರೆ ಅಥವಾ ಕಂತು ತಪ್ಪಿ ನಿಂತುಹೋದರೆ ಕಂಪನಿ ಅದನ್ನು ಡಿಎಂವಿಗೆ ತಿಳಿಸಲೇಬೇಕು, ಆಗ ಲೈಸೆನ್ಸ್ ಮತ್ತೆ ಅಮಾನತಿಗೆ ಹೋಗುತ್ತದೆ. ಅವಧಿ ಮುಗಿದ ಮೇಲೂ ಹೊಸ ಪಾಲಿಸಿ ಜಾರಿಗೆ ಬಂದ ನಂತರವೇ ಹಳೆಯದನ್ನು ನಿಲ್ಲಿಸಿ. ನಡುವೆ ವಿಮೆಯಿಲ್ಲದ ದಿನಗಳು ಬಂದರೆ ಮುಂದಿನ ಕಂಪನಿ ಅದನ್ನೂ ನೆಪ ಮಾಡಿಕೊಳ್ಳುತ್ತದೆ.

ಇನ್ನೊಂದು ವಿಷಯ: ಬೇರೆಯವರಿಗಾದ ಹಾನಿಗೆ ಕೊಡುವ ಕನಿಷ್ಠ ಹೊಣೆಗಾರಿಕೆ ವಿಮೆಯ ಮಿತಿ 2025ರ ಜನವರಿ 1ರಿಂದ ಏರಿದೆ. ಒಬ್ಬರ ಗಾಯಕ್ಕೆ 15 ಸಾವಿರ, ಒಂದು ಅಪಘಾತದ ಎಲ್ಲ ಗಾಯಗಳಿಗೆ 30 ಸಾವಿರ, ಆಸ್ತಿಹಾನಿಗೆ 5 ಸಾವಿರ ಡಾಲರ್ ಇದ್ದದ್ದು ಈಗ 30, 60 ಮತ್ತು 15 ಸಾವಿರವಾಗಿದೆ. ಆದ್ದರಿಂದ ಹಳೆಯ ಕನಿಷ್ಠ ಪಾಲಿಸಿಯ ಮೊತ್ತವನ್ನು ಇಂದಿನ ಕೋಟ್ ಪಕ್ಕದಲ್ಲಿಟ್ಟು ಹೋಲಿಸಿದರೆ ತಪ್ಪು ಚಿತ್ರ ಸಿಗುತ್ತದೆ.

ಉತ್ತರ 3: ಡಲ್ಲಾಸ್ ಹತ್ತಿರದವಳು

ಟೆಕ್ಸಸ್ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಚಾಲಕರ ಶಿಕ್ಷೆಗಳ ಮಾಹಿತಿಯನ್ನು ರಾಜ್ಯಗಳು ಹಂಚಿಕೊಳ್ಳುವ ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್ ಎಂಬ ಒಪ್ಪಂದದಲ್ಲಿ ಎರಡೂ ರಾಜ್ಯಗಳಿವೆ, ಹಾಗಾಗಿ ಏನೂ ಅಳಿಸಿಹೋಗುವುದಿಲ್ಲ. ಅದರ ಮೇಲೆ ಇಲ್ಲಿ ಕ್ರೆಡಿಟ್ ಇತಿಹಾಸವನ್ನೂ ಪ್ರೀಮಿಯಂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅವಕಾಶವಿಲ್ಲ. ಕೆಲಸಕ್ಕಾಗಿ ಬರುವುದಾದರೆ ಬರಲಿ, ವಿಮೆಗಾಗಿ ಊರು ಬಿಡುವುದರಲ್ಲಿ ಅರ್ಥ ಕಾಣುವುದಿಲ್ಲ.

ಫ್ರೀಮಾಂಟ್ ನಿವಾಸಿ

ಮೂವರಿಗೂ ಧನ್ಯವಾದಗಳು. ನಮ್ಮ ಪಾಲಿಸಿಗೆ ಸೇರಿಸುವ ಪ್ರಶ್ನೆ ಮಾತ್ರ ಉಳಿದಿದೆ. ಒಮ್ಮೊಮ್ಮೆ ಮಗಳನ್ನು ಶಾಲೆಯಿಂದ ಕರೆತರಲು ಅವನಿಗೆ ನಮ್ಮ ವ್ಯಾನ್ ಕೊಡಬೇಕಾಗುತ್ತದೆ ಎನ್ನುತ್ತಾಳೆ ನನ್ನ ಹೆಂಡತಿ.

ಉತ್ತರ 1: ಸ್ಯಾನ್ ಹೋಸೆ ಕನ್ನಡಿಗ

ನಿಮ್ಮ ಭಾವಮೈದ ಹೊರಗಿಟ್ಟ ಚಾಲಕರಾಗಿರುವವರೆಗೂ ಅವರಿಗೆ ವ್ಯಾನಿನ ಕೀಲಿ ಕೊಡಬೇಡಿ. ಆಗ ಅಪಘಾತವಾದರೆ ನಿಮ್ಮ ಕಂಪನಿ ಪರಿಹಾರ ಕೊಡುವುದಿಲ್ಲ, ವಾಹನದ ಮಾಲೀಕರಾಗಿ ನಿಮ್ಮ ಮೇಲೂ ಹೊಣೆ ಬರಬಹುದು. ಎಸ್‌ಆರ್-22 ಮುಗಿಯುವುದಕ್ಕೂ ಈ ನಮೂದಿಗೂ ಸಂಬಂಧವಿಲ್ಲ, ಅದನ್ನು ನೀವೇ ಕೇಳಿ ತೆಗೆಸಬೇಕು. ತೆಗೆಸಿದರೆ ಅವರ ಹೆಸರಿಗೆ ಬೀಳುವ ಕಾರಿಗೆ ಉತ್ತಮ ಚಾಲಕರ ರಿಯಾಯಿತಿ ಸಿಗದು, ಕಂಪನಿ ಅವರನ್ನು ಸೇರಿಸಲು ಒಪ್ಪದೆಯೂ ಇರಬಹುದು. ಕೊರೊಲಾವನ್ನು ಅವರ ಹೆಸರಿಗೆ ಹಚ್ಚಿ ಒಟ್ಟು ಪಾಲಿಸಿಗೆ ಒಂದು ಕೋಟ್, ಈಗಿನಂತೆ ಬೇರೆ ಬೇರೆ ಪಾಲಿಸಿಗಳಿಗೆ ಇನ್ನೊಂದು ಕೋಟ್ ತೆಗೆದುಕೊಂಡು ವರ್ಷದ ಮೊತ್ತ ಹೋಲಿಸಿ ನೋಡಿ. ಅವರು ಮನೆಯಿಂದಲೇ ಕೆಲಸ ಮಾಡುವವರಾದರೆ ಓಡೋಮೀಟರ್ ನೋಡಿ ನಿಜವಾದ ಮೈಲಿ ಬರೆಸಿ, ಏಕೆಂದರೆ ದಾಖಲೆಯನ್ನು ಬದಲಿಸಲು ಆಗದಿದ್ದರೂ ಎರಡನೆಯ ಅಂಶವಾದ ಮೈಲಿ ಈಗಲೂ ಅವರ ಕೈಯಲ್ಲೇ ಇದೆ.