ಕರ್ನಲ್ ಡ್ರೈವರ್‌ನೊಳಗಿಂದ ಸ್ಟ್ಯಾಕ್ ಟ್ರೇಸ್ ತೆಗೆಯುವಾಗ ಆಳಕ್ಕೆ ಎಷ್ಟು ಮಿತಿ ಇಟ್ಟರೆ ಸುರಕ್ಷಿತ?

ಪ್ರಶ್ನೆ: ತೋಟದ_ಪ್ಯಾನಲ್

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೋರ್‌ವೆಲ್ ಮೋಟಾರುಗಳ ವೋಲ್ಟೇಜ್ ಮತ್ತು ಕರೆಂಟನ್ನು ಅಳೆದು ದಾಖಲಿಸುವ ಪೆಟ್ಟಿಗೆಗಳನ್ನು ನಾವು ತಯಾರಿಸುತ್ತೇವೆ. ಒಳಗಿರುವುದು 64 ಬಿಟ್‌ನ ಆರ್ಮ್ ಬೋರ್ಡ್, ಅದರ ಮೇಲೆ ಲಿನಕ್ಸ್ 5.15, ಅಳತೆಯ ಚಿಪ್‌ಗೆ ಬೇಕಾದ ಡ್ರೈವರ್ ನಾವೇ ಬರೆದದ್ದು. ಚಿಪ್ ಉತ್ತರ ಕೊಡದಿದ್ದಾಗ ಅದನ್ನು ಓದುವ ಥ್ರೆಡ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಅದರ ಸ್ಟ್ಯಾಕ್ ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆದು ಅಲ್ಲಿಗೆ ಬಂದಿತು ಎಂಬ ಪಟ್ಟಿ, ಬೇಕಿತ್ತು. ಅದಕ್ಕಾಗಿ ಟೈಮರ್ ಕಾಲ್‌ಬ್ಯಾಕ್‌ನಿಂದ ಆ ಥ್ರೆಡ್‌ನ ಫ್ರೇಮ್ ಪಾಯಿಂಟರ್ (ಸ್ಟ್ಯಾಕ್ ಎಂಬ ಮೆಮೊರಿಯಲ್ಲಿ ಒಂದು ಫಂಕ್ಷನ್ ಕರೆಯ ದಾಖಲೆ, ಅಂದರೆ ಫ್ರೇಮ್, ಇರುವ ವಿಳಾಸ) ಹಿಡಿದು, ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಪ್ರತಿ ರಿಟರ್ನ್ ವಿಳಾಸವನ್ನೂ (ಕರೆದ ಕೋಡ್‌ಗೆ ಮರಳಬೇಕಾದ ಜಾಗ) ಮುದ್ರಿಸುವ ಸಣ್ಣದೊಂದು ಲೂಪ್ ಬರೆದಿದ್ದೆ. ಫ್ರೇಮ್ ಪಾಯಿಂಟರ್ ಸೊನ್ನೆಯಾಗುವವರೆಗೆ ಲೂಪ್ ನಡೆಯುತ್ತಿತ್ತು.

ತಿಪಟೂರು ಕಡೆಯ ತೆಂಗಿನ ತೋಟವೊಂದರಲ್ಲಿ ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಪೆಟ್ಟಿಗೆ ಸ್ತಬ್ಧವಾಗಿ, ವಾಚ್‌ಡಾಗ್ (ವ್ಯವಸ್ಥೆ ಸ್ತಬ್ಧವಾದರೆ ಗಮನಿಸುವ ಟೈಮರ್) ಅದನ್ನು ರೀಸೆಟ್ ಮಾಡುತ್ತಿತ್ತು. ಸೀರಿಯಲ್ ಕೇಬಲ್ ಹಾಕಿ ನೋಡಿದಾಗ ಪರದೆಯ ತುಂಬ ಅವೇ ಎರಡು ವಿಳಾಸಗಳು ಒಂದರ ನಂತರ ಒಂದರಂತೆ ಕೊನೆಯಿಲ್ಲದೆ ಬರುತ್ತಿದ್ದವು. ಆಗ 256 ಫ್ರೇಮ್‌ಗಳ ಮಿತಿ ಹಾಕಿ, ವಿಳಾಸಗಳನ್ನು ಮೊದಲು ಒಂದು ಅರೇಯಲ್ಲಿ ತುಂಬಿಸಿ ಕೊನೆಯಲ್ಲಿ ಮುದ್ರಿಸುವಂತೆ ಬದಲಿಸಿದೆ. ಫ್ರೇಮ್ ಗಾತ್ರ 2048 ಬೈಟ್ ಮೀರಿದೆ ಎಂದು ಕಂಪೈಲರ್ ಎಚ್ಚರಿಸಿತು. ಸಂರಚನೆಯಲ್ಲಿ ಆ ಅಂಕಿಯನ್ನು ಹೆಚ್ಚಿಸಿ ಮುಂದುವರಿದೆ. ಈಗ ಪೆಟ್ಟಿಗೆ ಸ್ತಬ್ಧವಾಗುವುದಿಲ್ಲ, ಆದರೆ ಕೆಲವೊಮ್ಮೆ ಇದೇ ಲೂಪ್‌ನೊಳಗೆ ಅಮಾನ್ಯ ವಿಳಾಸ ಓದಿದ ದೋಷ ಬಂದು ಕರ್ನಲ್ ಪ್ಯಾನಿಕ್ (ಚೇತರಿಸಿಕೊಳ್ಳಲಾಗದ ದೋಷದ ನಿಲುಗಡೆ) ಆಗುತ್ತಿದೆ. ಮಿತಿ ಎಷ್ಟಿರಬೇಕು? 16, 64, 128, ಹೀಗೆ ಒಬ್ಬೊಬ್ಬರದು ಒಂದೊಂದು ಅಂಕಿ ಕಾಣುತ್ತಿದೆ. ಚಿಪ್ ಮೂರು ಸಲ ಸತತವಾಗಿ ಸುಮ್ಮನಾದರೆ ಡ್ರೈವರ್ ಆ ಥ್ರೆಡ್ಡನ್ನು ನಿಲ್ಲಿಸಿ ಹೊಸದನ್ನು ಆರಂಭಿಸುತ್ತದೆ ಎಂಬುದನ್ನೂ ಇಲ್ಲಿ ತಿಳಿಸಿರುತ್ತೇನೆ.

ಉತ್ತರ: ಹಳೆಯ_ಸೀರಿಯಲ್_ಕೇಬಲ್

ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರದ ಅರ್ಧ ಭಾಗವಿದೆ. ಮಿತಿಯ ಅಂಕಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. 256ರ ಮಿತಿ ಲೂಪ್ ಕೊನೆಗೊಳ್ಳುವಂತೆ ಮಾಡಿತೇ ಹೊರತು, ಅದು ಓದುತ್ತಿರುವ ಜಾಗ ಓದಲು ಯೋಗ್ಯವೇ ಎಂಬುದನ್ನು ನೋಡಲಿಲ್ಲ. ಮೂರನೆಯ ಫ್ರೇಮ್‌ನಲ್ಲೇ ಕೆಟ್ಟ ವಿಳಾಸ ಸಿಕ್ಕರೆ ಮಿತಿ 16 ಇದ್ದರೂ ಪ್ಯಾನಿಕ್ ಆಗುತ್ತದೆ.

64 ಬಿಟ್ ಆರ್ಮ್‌ನಲ್ಲಿ ಪ್ರತಿ ಫ್ರೇಮ್ ದಾಖಲೆ 16 ಬೈಟ್‌ಗಳದ್ದು: ಮೊದಲ 8 ಬೈಟ್ ಕರೆದವರ ಫ್ರೇಮ್ ಪಾಯಿಂಟರ್, ನಂತರದ 8 ಬೈಟ್ ರಿಟರ್ನ್ ವಿಳಾಸ. ಬೇರೊಂದು ಥ್ರೆಡ್‌ನ ಫ್ರೇಮ್ ಪಾಯಿಂಟರ್ ಎಂದು ನೀವು ತೆಗೆದುಕೊಳ್ಳುತ್ತಿರುವುದು, ಆ ಥ್ರೆಡ್ ಕಳೆದ ಬಾರಿ ಸಿಪಿಯು ಬಿಟ್ಟುಕೊಟ್ಟಾಗ ಉಳಿಸಿಟ್ಟ ಬೆಲೆ. ನಿಮ್ಮ ಟೈಮರ್ ಒಂದು ಕೋರ್‌ನಲ್ಲಿ ನಡೆಯುತ್ತಿರುವಾಗ ಆ ಥ್ರೆಡ್ ಇನ್ನೊಂದು ಕೋರ್‌ನಲ್ಲಿ ಓಡುತ್ತಿದ್ದರೆ ಆ ಬೆಲೆ ಹಳಸಿದ್ದು. ಅದು ತೋರಿಸುವ ಜಾಗದಲ್ಲಿ ಈಗ ಬೇರೆ ಫಂಕ್ಷನ್‌ಗಳ ಸ್ಥಳೀಯ ಚರಗಳು ಕೂತಿರಬಹುದು, ಅಥವಾ ಹೊಸ ಫ್ರೇಮ್‌ನ ತುಂಡೊಂದು ಹಳೆಯ ಫ್ರೇಮ್‌ನತ್ತ ಕೈ ತೋರಿಸುತ್ತಿರಬಹುದು. ನಿಮಗೆ ಕಂಡ ಎರಡು ವಿಳಾಸಗಳ ಸುತ್ತಾಟಕ್ಕೆ ಕಾರಣ ಇದೇ ಇರಬೇಕು. ಇನ್ನು ಪ್ಯಾನಿಕ್‌ನ ವಿಚಾರ. ಥ್ರೆಡ್ ಮುಗಿದ ಮೇಲೆ ಅದರ ಸ್ಟ್ಯಾಕ್ ಬಿಡುಗಡೆಯಾಗುತ್ತದೆ, ವರ್ಚುಯಲ್ ಮ್ಯಾಪಿಂಗ್ ಇರುವ ಸ್ಟ್ಯಾಕ್ ಆದರೆ ಆ ವಿಳಾಸಗಳೇ ಇಲ್ಲವಾಗಬಹುದು. ಟಾಸ್ಕ್ ರಚನೆಯನ್ನು ಹಿಡಿದಿಟ್ಟುಕೊಂಡ ಮಾತ್ರಕ್ಕೆ ಸ್ಟ್ಯಾಕ್ ಉಳಿಯುವುದಿಲ್ಲ; ಅವೆರಡಕ್ಕೂ ಎಣಿಕೆ ಬೇರೆ ಬೇರೆ.

ಫ್ರೇಮ್‌ಗಳ ಸರಪಣಿ ಹಿಡಿದು ಹೋಗುವ ಯಾವ ಕೋಡ್ ಆದರೂ ಪ್ರತಿ ಹೆಜ್ಜೆಗೂ ಕೆಲವನ್ನು ಪರೀಕ್ಷಿಸಲೇಬೇಕು. ಫ್ರೇಮ್ ದಾಖಲೆಯ 16 ಬೈಟ್‌ಗಳೂ ಸ್ಟ್ಯಾಕ್‌ನ ಎಲ್ಲೆಯೊಳಗಿವೆಯೇ? ವಿಳಾಸ 8ರಿಂದ ಭಾಗವಾಗುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಫ್ರೇಮ್ ಈಗಿನದಕ್ಕಿಂತ ಮೇಲಿನ ವಿಳಾಸದಲ್ಲಿದೆಯೇ? ಸ್ಟ್ಯಾಕ್ ಕೆಳಮುಖವಾಗಿ ಬೆಳೆಯುವುದರಿಂದ ಕರೆದವರು ಯಾವಾಗಲೂ ಮೇಲೆಯೇ ಇರಬೇಕು. ಈ ಒಂದು ಪರೀಕ್ಷೆಯಿದ್ದರೆ ಸುತ್ತಾಟ ಅಸಾಧ್ಯ, ಏಕೆಂದರೆ ಹಿಂದಕ್ಕೆ ಹೋಗುವ ದಾರಿಯೇ ಇರುವುದಿಲ್ಲ. 16 ಕಿಲೋಬೈಟ್‌ನ ಸ್ಟ್ಯಾಕ್‌ನಲ್ಲಿ 16 ಬೈಟ್‌ಗಳ ದಾಖಲೆಗಳು ಎಷ್ಟೇ ಒತ್ತಿ ಕೂತರೂ 1024ನ್ನು ಮೀರವು. ಅಂದರೆ ನೀವು ಯಾವ ಮಿತಿಯನ್ನೂ ಹಾಕದಿದ್ದರೂ ಲೂಪ್ ಅಲ್ಲಿಗೆ ನಿಲ್ಲುತ್ತದೆ. ಇಂಟರಪ್ಟ್‌ಗೆ ಪ್ರತ್ಯೇಕ ಸ್ಟ್ಯಾಕ್ ಇರುವುದರಿಂದ, ಅದರಿಂದ ಟಾಸ್ಕ್ ಸ್ಟ್ಯಾಕ್‌ಗೆ ದಾಟಿದ ಮೇಲೆ ಮತ್ತೆ ಅದಕ್ಕೆ ಮರಳಲು ಬಿಡಬಾರದು ಎಂಬ ನಿಯಮವೊಂದು ಇದರ ಜೊತೆಗೆ ಬೇಕು.

ಇಷ್ಟೆಲ್ಲವನ್ನೂ ಕರ್ನಲ್‌ನ ಅನ್‌ವೈಂಡರ್ (ಫ್ರೇಮ್‌ಗಳ ಸರಪಣಿ ಹಿಡಿದು ಹೋಗುವ ಕೋಡ್) ಈಗಾಗಲೇ ಮಾಡುತ್ತದೆ. ಆದ್ದರಿಂದ ನಿಮ್ಮ ಲೂಪನ್ನು ತೆಗೆದುಹಾಕಿ ಎಂಬುದೇ ನನ್ನ ಸಲಹೆ. ನಡೆಯುತ್ತಿರುವ ಥ್ರೆಡ್ ತನ್ನದೇ ಟ್ರೇಸ್ ತೆಗೆಯಲು ಸ್ಟ್ಯಾಕ್_ಟ್ರೇಸ್_ಸೇವ್ ಇದೆ; 2019ರಲ್ಲಿ ಬಂದ 5.2ರಿಂದ ಇರುವ ಫಂಕ್ಷನ್ ಅದು. ಅರೇ, ಅದರ ಗಾತ್ರ, ಮೊದಲಲ್ಲಿ ಬಿಡಬೇಕಾದ ಫ್ರೇಮ್‌ಗಳ ಸಂಖ್ಯೆ, ಇಷ್ಟನ್ನು ಕೊಟ್ಟರೆ ಗಾತ್ರ ತುಂಬಿದ ಕೂಡಲೇ ನಿಲ್ಲುತ್ತದೆ. ಇನ್ನೊಂದು ಥ್ರೆಡ್‌ನದು ಬೇಕಿದ್ದರೆ, ಪ್ರಾಕ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳಂತೆ ತೋರಿಸುವ ಜಾಗ) ಆ ಥ್ರೆಡ್‌ನ ಸಂಖ್ಯೆಯ ಕೆಳಗಿರುವ ಸ್ಟ್ಯಾಕ್ ಎಂಬ ಫೈಲನ್ನು ರೂಟ್ ಆಗಿ ಓದಿ. ಅದು ಥ್ರೆಡ್‌ನ ಸ್ಟ್ಯಾಕನ್ನು ಮೊದಲು ಹಿಡಿದಿಟ್ಟುಕೊಂಡೇ ಓದುತ್ತದೆ, 64 ಫ್ರೇಮ್‌ಗಳಿಗೆ ನಿಲ್ಲುತ್ತದೆ. ಚಿಪ್‌ಗಾಗಿ ಕಾಯುತ್ತಾ ಮಲಗಿರುವ ಥ್ರೆಡ್ ಆದರೆ ಅದರ ಸ್ಟ್ಯಾಕ್ ಅಲುಗಾಡುವುದಿಲ್ಲ, ಹಾಗಾಗಿ ಸಿಗುವ ಟ್ರೇಸ್ ನಂಬಬಹುದಾದದ್ದು.

ಉತ್ತರ: ಗುಬ್ಬಿ_ಗೇಟ್

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಅರೇಯ ಬಗ್ಗೆ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ಕಂಪೈಲರ್ ಕೊಟ್ಟ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದು ನನಗೆ ಬಹಳ ಅಪಾಯಕರವಾಗಿ ಕಾಣುತ್ತಿದೆ. 256 ವಿಳಾಸಗಳೆಂದರೆ 2048 ಬೈಟ್, ಅಂದರೆ ಒಟ್ಟು ಸ್ಟ್ಯಾಕ್‌ನ ಎಂಟನೆಯ ಒಂದು ಭಾಗ. ಸ್ಟ್ಯಾಕ್ ಟ್ರೇಸ್ ಬೇಕಾಗುವುದು ಏನೋ ಕೆಟ್ಟಾಗ, ಕೆಲವೊಮ್ಮೆ ಸ್ಟ್ಯಾಕ್ ತುಂಬುತ್ತಾ ಬಂದಾಗಲೇ. ಆಳ ಎಷ್ಟಾಗಿದೆ ಎಂದು ನೋಡಲು ಹೋದ ಕೋಡ್ ತಾನೇ ಆ ಜಾಗವನ್ನು ನುಂಗಬಾರದು. ಆ ಸಂರಚನೆಯ ಅಂಕಿಯನ್ನು ದಯವಿಟ್ಟು 2048ಕ್ಕೆ ಮರಳಿಸಿ. ಅರೇಯನ್ನು ಡ್ರೈವರ್ ಆರಂಭವಾಗುವಾಗಲೇ ಸಾಧನದ ರಚನೆಯೊಳಗೆ ಕಾದಿರಿಸಿ, ಇಬ್ಬರು ಒಟ್ಟಿಗೆ ಬರೆಯದಂತೆ ಲಾಕ್ ಇಡಿ. ದೋಷದ ಹೊತ್ತಿನಲ್ಲಿ ಮೆಮೊರಿ ಕೇಳಲು ಹೋಗಬೇಡಿ.

ಅಂಕಿಗಳು ಒಬ್ಬೊಬ್ಬರಲ್ಲಿ ಬೇರೆ ಇರುವುದಕ್ಕೂ ಕಾರಣವಿದೆ. ಪ್ರತಿ ಮೆಮೊರಿ ಹಂಚಿಕೆಗೂ ಟ್ರೇಸ್ ಉಳಿಸಿಡುವ ಕೆಮೆಮ್‌ಲೀಕ್ (ಲಿನಕ್ಸ್‌ನಲ್ಲಿ ಮೆಮೊರಿ ಸೋರಿಕೆ ಹುಡುಕುವ ಸಾಧನ) 16ಕ್ಕೆ ನಿಲ್ಲುತ್ತದೆ, ಏಕೆಂದರೆ ಲಕ್ಷಾಂತರ ಟ್ರೇಸ್‌ಗಳು ಸೇರಿಬಿಡಬಹುದು. ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕೆಎಎಸ್ಎಎನ್ 64 ಇಟ್ಟುಕೊಂಡಿದೆ. ಕೋಡ್‌ನ ವೇಗ ಅಳೆಯುವ ಪರ್ಫ್‌ನ ಮಿತಿ 127, ಅದನ್ನು ಸಿಸ್‌ಕಂಟ್ರೋಲ್ ಎಂಬ ಕರ್ನಲ್ ಸೆಟ್ಟಿಂಗ್‌ನಿಂದ ಬದಲಿಸಲೂಬಹುದು. ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ 18. ಒಂದೊಂದರ ಕೆಲಸ ಮತ್ತು ಅಗತ್ಯದ ಮೇಲೆ ಇವೆಲ್ಲ ನಿಂತಿವೆ.

ನಿಮ್ಮ ವಿಷಯದಲ್ಲಿ ನಿರ್ಣಾಯಕವಾದದ್ದು ಸೀರಿಯಲ್ ಪೋರ್ಟ್. ಅದು 115200 ಬಾಡ್‌ನಲ್ಲಿದ್ದರೆ ಸೆಕೆಂಡಿಗೆ ಸುಮಾರು 11,520 ಅಕ್ಷರ ಹೋಗುತ್ತದೆ. ಒಂದು ಸಾಲಿಗೆ 60 ಅಕ್ಷರವೆಂದರೂ 64 ಸಾಲಿಗೆ ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು, 256 ಸಾಲಿಗೆ ಒಂದು ಸೆಕೆಂಡಿಗಿಂತ ಹೆಚ್ಚು. ಟೈಮರ್ ಕಾಲ್‌ಬ್ಯಾಕ್‌ನಲ್ಲಿ ನಿಂತು ಅಷ್ಟು ಹೊತ್ತು ಮುದ್ರಿಸುತ್ತಾ ಕೂರುವ ಹಾಗಿಲ್ಲ. 16 ಸಾಲಾದರೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗಕ್ಕೆ ಮುಗಿಯುತ್ತದೆ. ಅದನ್ನೂ ಕಾಲ್‌ಬ್ಯಾಕ್‌ನಿಂದ ಹೊರಗೆ, ವರ್ಕ್‌ಕ್ಯೂಗೆ (ಕೆಲಸಗಳನ್ನು ನಂತರ ನಡೆಸಲು ಇಡುವ ಸಾಲು) ದಾಟಿಸುವುದು ಒಳ್ಳೆಯದು.

ಪ್ರಶ್ನಿಸಿದವರು: ತೋಟದ_ಪ್ಯಾನಲ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಲೂಪನ್ನು ತೆಗೆದುಹಾಕಿದ್ದೇನೆ, ಎಚ್ಚರಿಕೆಯ ಅಂಕಿಯನ್ನು ಮೊದಲಿನಂತೆ ಇಟ್ಟಿದ್ದೇನೆ. ಚಿಪ್ ಉತ್ತರ ಕೊಡದಿದ್ದಾಗ ಡ್ರೈವರ್ ಈಗ ಸುದ್ದಿ ಮಾತ್ರ ಕಳಿಸುತ್ತದೆ. ಹೊರಗಿನ ಒಂದು ಪ್ರೋಗ್ರಾಂ ಪ್ರಾಕ್‌ನಿಂದ ಸ್ಟ್ಯಾಕ್ ಓದಿ ಫೈಲಿಗೆ ಬರೆಯುತ್ತದೆ. ಡ್ರೈವರ್‌ನೊಳಗಿನ ಇನ್ನೊಂದು ದೋಷದ ದಾರಿಯಲ್ಲಿ, ಅಂದರೆ ಥ್ರೆಡ್ ತಾನೇ ತಪ್ಪನ್ನು ಗುರುತಿಸುವ ಕಡೆ, ಸ್ಟ್ಯಾಕ್_ಟ್ರೇಸ್_ಸೇವ್ ಬಳಸಿ 16 ಫ್ರೇಮ್ ತೆಗೆಯುತ್ತಿದ್ದೇನೆ. ಅಲ್ಲಿ ಒಂದು ಸಂದೇಹ ಉಳಿದಿದೆ. ಮರುಪ್ರಯತ್ನದ ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುವಂತೆ ಬರೆಯಲಾಗಿದ್ದು, ಹದಿನಾರೂ ಸಾಲುಗಳಲ್ಲಿ ಅದೊಂದರದೇ ಹೆಸರು ಬರುತ್ತಿದೆ. ಅದನ್ನು ಮೊದಲು ಕರೆದವರು ಯಾರೆಂದು ತಿಳಿಯುತ್ತಿಲ್ಲ.

ಉತ್ತರ: ಹಳೆಯ_ಸೀರಿಯಲ್_ಕೇಬಲ್

ಮಿತಿ ತುಂಬಿದಾಗ ಉಳಿಯುವುದು ಒಳಗಿನ ತುದಿ, ಉದುರುವುದು ಹೊರಗಿನ ತುದಿ. ಸಾಮಾನ್ಯವಾಗಿ ನಮಗೆ ಬೇಕಾದದ್ದು ಒಳಗಿನದೇ, ಆದರೆ ಮರುಕರೆ ಇದ್ದಾಗ ಬೇಕಾದದ್ದು ಹೊರಗಿನ ನಾಲ್ಕು ಸಾಲು. ಅರೇ ಈಗ ಸ್ಟ್ಯಾಕ್ ಮೇಲಿಲ್ಲದಿರುವುದರಿಂದ ಅದನ್ನು 128ಕ್ಕೆ ಹಿಗ್ಗಿಸಿ (1024 ಬೈಟ್ ಅಷ್ಟೇ), ಮುದ್ರಿಸುವಾಗ ಮೊದಲ 12 ಮತ್ತು ಕೊನೆಯ 4 ಸಾಲುಗಳನ್ನು ಮಾತ್ರ ತೋರಿಸಿ, ನಡುವೆ ಎಷ್ಟು ಬಿಟ್ಟಿರಿ ಎಂಬುದನ್ನು ಬರೆಯಿರಿ. ಸಂಗ್ರಹದ ಮಿತಿ ಒಂದು, ಮುದ್ರಣದ ಮಿತಿ ಇನ್ನೊಂದು. ಎರಡನ್ನೂ ಒಂದೇ ಅಂಕಿಗೆ ಕಟ್ಟಿಹಾಕಬೇಕಾಗಿಲ್ಲ. ಹಿಂದಿರುಗುವ ಸಂಖ್ಯೆ ಅರೇಯ ಗಾತ್ರಕ್ಕೆ ಸಮನಾಗಿದ್ದರೆ ಟ್ರೇಸ್ ತುಂಡಾಗಿರಬಹುದು ಎಂದು ತಿಳಿಯಿರಿ, ಏಕೆಂದರೆ ಅದನ್ನು ಹೇಳುವ ಬೇರೆ ಗುರುತು ಆ ಫಂಕ್ಷನ್‌ನಲ್ಲಿಲ್ಲ; ಆಗ ಕೊನೆಯ ನಾಲ್ಕು ಸಾಲು ನಿಜವಾದ ತುದಿಯಲ್ಲ ಎಂಬ ಮಾತನ್ನೂ ಲಾಗ್‌ಗೆ ಸೇರಿಸಿ.

ಬಿಡಬೇಕಾದ ಫ್ರೇಮ್‌ಗಳ ಸಂಖ್ಯೆಯನ್ನು 1 ಎಂದು ಕೊಟ್ಟಿದ್ದರೆ ನಿಮ್ಮ ಸಹಾಯಕ ಫಂಕ್ಷನ್‌ಗೆ ನೋಇನ್‌ಲೈನ್ ಗುರುತು ಹಾಕಿ. ಕಂಪೈಲರ್ ಅದನ್ನು ಕರೆದವರೊಳಗೆ ಕರಗಿಸಿಬಿಟ್ಟರೆ, ಬಿಟ್ಟುಹೋಗುವುದು ನಿಮಗೆ ನಿಜವಾಗಿ ಬೇಕಿದ್ದ ಸಾಲು.

ಮರುಪ್ರಯತ್ನವನ್ನು ಮಾತ್ರ ಮರುಕರೆಯಿಂದ ಲೂಪ್‌ಗೆ ಬದಲಿಸಿ. 16 ಕಿಲೋಬೈಟ್‌ನ ಸ್ಟ್ಯಾಕ್‌ನಲ್ಲಿ ಉತ್ತರ ಕೊಡದ ಚಿಪ್‌ಗಾಗಿ ತನ್ನನ್ನೇ ಕರೆದುಕೊಳ್ಳುತ್ತಾ ಹೋಗುವ ಕೋಡ್ ತೋಟದಲ್ಲಿ ಒಂದು ರಾತ್ರಿ ಸ್ಟ್ಯಾಕ್‌ನ ತಳ ಮುಟ್ಟಿಯೇ ಮುಟ್ಟುತ್ತದೆ.

ಪ್ರಶ್ನಿಸಿದವರು: ತೋಟದ_ಪ್ಯಾನಲ್

12 ಮತ್ತು 4ರ ಮುದ್ರಣದಲ್ಲಿ ಕರೆದವರು ಸಿಕ್ಕರು. ಕರೆಂಟ್ ಬಂದ ಕ್ಷಣದ ಇಂಟರಪ್ಟ್ ಎಬ್ಬಿಸುವ ಥ್ರೆಡ್, ಚಿಪ್ ಇನ್ನೂ ಸಿದ್ಧವಾಗುವ ಮೊದಲೇ ಓದಲು ಹೊರಡುತ್ತಿತ್ತು. ಮರುಪ್ರಯತ್ನವನ್ನು ಲೂಪ್‌ಗೆ ಬದಲಿಸಿ, ಐದು ಸಲಕ್ಕೆ ನಿಲ್ಲಿಸಿದ್ದೇನೆ. ಭಾನುವಾರ ತಿಪಟೂರಿಗೆ ಹೋಗಿ ಅದೇ ಪೆಟ್ಟಿಗೆಗೆ ಹೊಸ ಡ್ರೈವರ್ ಹಾಕಿ ಬರುತ್ತೇನೆ.